ಶೂನ್ಯತೆ ಮತ್ತು ಧ್ಯಾನ: ಚೂಳಸುಞ್ಞತ ಸುತ್ತದಿಂದ ಭಾವನಾಕ್ರಮದವರೆಗೆ

‘ಶೂನ್ಯ’ ಎಂಬ ಪದ ಕನ್ನಡದಲ್ಲಿ ಹಲವು ಅರ್ಥಗಳ ಭಾರವನ್ನು ಹೊತ್ತಿದೆ. ಗಣಿತದಲ್ಲಿ ಅದು ಸೊನ್ನೆ, ದಿನಬಳಕೆಯಲ್ಲಿ ಬರಿದು, ವಚನ ಪರಂಪರೆಯಲ್ಲಿ ಪರಮ ನಿಲುವಿನ ಹೆಸರು. ಈ ಅರ್ಥಗಳನ್ನು ಹಾಗೆಯೇ ಇರಿಸಿಕೊಂಡು ಬೌದ್ಧ ಗ್ರಂಥಗಳನ್ನು ಓದುವವರು ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾರೆ. ಬೌದ್ಧರ ಶೂನ್ಯತೆ ಎಂದರೆ ಏನೂ ಇಲ್ಲವೆಂಬ ವಾದ ಎಂಬುದು ಮೊದಲನೆಯದು. ಆಲೋಚನೆಗಳೆಲ್ಲ ಅಡಗಿದ ಧ್ಯಾನಸ್ಥಿತಿಯೇ ಶೂನ್ಯತೆ ಎಂಬುದು ಎರಡನೆಯದು. ಈ ಎರಡನ್ನೂ ಬೌದ್ಧ ಪರಂಪರೆಯ ಪ್ರಮುಖ ಆಕರಗಳು ನಿರಾಕರಿಸಿವೆ. ಅವುಗಳ ಪ್ರಕಾರ ಶೂನ್ಯತೆ ಒಂದು ವಸ್ತುವಲ್ಲ, ಮನಸ್ಸಿನ ಒಂದು ಸ್ಥಿತಿಯೂ ಅಲ್ಲ. ಇಲ್ಲದಿರುವುದನ್ನು ಇಲ್ಲವೆಂದೂ ಉಳಿದಿರುವುದನ್ನು ಉಳಿದಿದೆಯೆಂದೂ ಅರಿಯುವ ವಿವೇಕಕ್ಕೆ ಗೋಚರಿಸುವ ಸತ್ಯ. ಈ ಮಾತಿನ ಮಹತ್ತ್ವ ಧ್ಯಾನದ ಕ್ರಮವನ್ನು ಗಮನಿಸಿದಾಗ ಸ್ಪಷ್ಟವಾಗುತ್ತದೆ.

೧

ಸಂಯುತ್ತ ನಿಕಾಯದ ಖಂಧಸಂಯುತ್ತದಲ್ಲಿರುವ ಅನತ್ತಲಕ್ಖಣ ಸುತ್ತವು ಇಸಿಪತನದಲ್ಲಿ ಐವರು ಭಿಕ್ಷುಗಳಿಗೆ ನೀಡಿದ ಉಪದೇಶ. ಸಂಪ್ರದಾಯವು ಇದನ್ನು ಬುದ್ಧನ ಎರಡನೆಯ ಪ್ರವಚನವೆಂದು ಪರಿಗಣಿಸುತ್ತದೆ. ಆತ್ಮವಿಲ್ಲವೆಂಬ ಘೋಷಣೆಯಿಂದ ಅದು ಆರಂಭವಾಗುವುದಿಲ್ಲ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುತ್ತದೆ. ರೂಪವು ಆತ್ಮವೇ ಆಗಿದ್ದರೆ ಅದು ಬಾಧೆಗೆ ಒಳಗಾಗುತ್ತಿರಲಿಲ್ಲ. ಹೀಗಿರಲಿ, ಹಾಗಿರದಿರಲಿ ಎಂದು ಅದಕ್ಕೆ ವಿಧಿಸಲು ಸಾಧ್ಯವಿರುತ್ತಿತ್ತು. ಹಾಗೆ ಆಗುವುದಿಲ್ಲವಾದ್ದರಿಂದ ಅದು ಆತ್ಮವಲ್ಲ. ಅನಂತರ ಅನಿತ್ಯವಾದುದೂ ದುಃಖಕರವಾದುದೂ ವಿಕಾರ ಹೊಂದುವಂಥದೂ ಆದ ಒಂದನ್ನು ‘ನನ್ನದು’ ‘ನಾನು’ ಎಂದು ಭಾವಿಸುವುದು ಯುಕ್ತವೇ ಎಂಬ ಪ್ರಶ್ನೆ ಬರುತ್ತದೆ. ಉತ್ತರವನ್ನು ಭಿಕ್ಷುಗಳೇ ಹೇಳುತ್ತಾರೆ. ಇಲ್ಲಿ ಅನಾತ್ಮವೆಂಬುದು ಕೇಳಿ ಒಪ್ಪಬೇಕಾದ ಸಿದ್ಧಾಂತವಾಗಿ ಬರದೆ, ಅನುಭವದ ಪ್ರತಿಯೊಂದು ಅಂಗದ ಮೇಲೂ ನಡೆಸಬೇಕಾದ ಪರೀಕ್ಷೆಯಾಗಿ ಬಂದಿದೆ.

ಅದೇ ನಿಕಾಯದ ಮತ್ತೊಂದು ಪ್ರಸಂಗ ಇದಕ್ಕೆ ಪೂರಕವಾಗಿದೆ. ಆತ್ಮ ಇದೆಯೇ ಎಂದು ಪರಿವ್ರಾಜಕ ವಚ್ಛಗೋತ್ತನು ಕೇಳಿದಾಗ ಬುದ್ಧನು ಮೌನವಾಗಿರುತ್ತಾನೆ. ಇಲ್ಲವೇ ಎಂದು ಕೇಳಿದಾಗಲೂ ಮೌನವೇ. ಆತ ಹೊರಟುಹೋದ ಬಳಿಕ ಆನಂದನಿಗೆ ಕಾರಣವನ್ನು ವಿವರಿಸುತ್ತಾನೆ. ಇದೆ ಎಂದರೆ ಶಾಶ್ವತವಾದಿಗಳ ಪಕ್ಷ ಸೇರಿದಂತಾಗುತ್ತಿತ್ತು. ಇಲ್ಲ ಎಂದರೆ ಉಚ್ಛೇದವಾದಿಗಳ ಪಕ್ಷ. ಮೊದಲೇ ಗೊಂದಲದಲ್ಲಿದ್ದ ವಚ್ಛಗೋತ್ತನು ಹಿಂದೆ ಇದ್ದ ಆತ್ಮ ಈಗ ಇಲ್ಲವಾಯಿತೆಂದು ಇನ್ನಷ್ಟು ಕಂಗೆಡುತ್ತಿದ್ದನು. ಪರೀಕ್ಷೆಯ ಮಾರ್ಗದಲ್ಲಿ ನಡೆಯದವನಿಗೆ ‘ಇಲ್ಲ’ ಎಂಬ ಉತ್ತರವೂ ಹಿಡಿದುಕೊಳ್ಳುವ ಇನ್ನೊಂದು ವಸ್ತುವಾಗಿಬಿಡುತ್ತದೆ ಎಂಬ ಎಚ್ಚರ ಇಲ್ಲಿ ವ್ಯಕ್ತವಾಗಿದೆ.

೨

ಲೋಕವು ಶೂನ್ಯವೆಂದು ಹೇಳುವುದು ಯಾವ ಅರ್ಥದಲ್ಲಿ ಎಂದು ಆನಂದನು ಕೇಳಿದಾಗ ದೊರೆಯುವ ಉತ್ತರ ಖಚಿತವಾದುದು: ಆತ್ಮದಿಂದಲೂ ಆತ್ಮಕ್ಕೆ ಸೇರಿದ್ದೆನ್ನಬಹುದಾದುದರಿಂದಲೂ ಅದು ಶೂನ್ಯ. ಅಂದರೆ ಶೂನ್ಯ ಎಂಬ ಮಾತು ಸದಾ ‘ಯಾವುದರಿಂದ ಶೂನ್ಯ?’ ಎಂಬ ಪ್ರಶ್ನೆಯನ್ನು ನಿರೀಕ್ಷಿಸುತ್ತದೆ. ಮಜ್ಝಿಮ ನಿಕಾಯದ ೧೨೧ನೆಯದಾದ ಚೂಳಸುಞ್ಞತ ಸುತ್ತ ಈ ಪ್ರಶ್ನೆಯನ್ನೇ ಧ್ಯಾನಕ್ರಮವಾಗಿ ವಿಸ್ತರಿಸಿದೆ.

ಶ್ರಾವಸ್ತಿಯ ಪೂರ್ವಾರಾಮದಲ್ಲಿ, ಮಿಗಾರಮಾತೆಯ ಪ್ರಾಸಾದದಲ್ಲಿ ನಡೆಯುವ ಈ ಉಪದೇಶ ಆ ಕಟ್ಟಡವನ್ನೇ ದೃಷ್ಟಾಂತವಾಗಿ ಬಳಸುತ್ತದೆ. ಆ ಪ್ರಾಸಾದದಲ್ಲಿ ಆನೆ, ದನ, ಕುದುರೆಗಳಿಲ್ಲ; ಚಿನ್ನ ಬೆಳ್ಳಿಗಳಿಲ್ಲ; ಸ್ತ್ರೀಪುರುಷರ ಜನಸಂದಣಿಯಿಲ್ಲ. ಅವುಗಳಿಂದ ಅದು ಶೂನ್ಯ. ಆದರೆ ಭಿಕ್ಷುಸಂಘ ಅಲ್ಲಿದೆ. ಆ ಮಟ್ಟಿಗೆ ಅದು ಅಶೂನ್ಯ. ಹಾಗೆಯೇ ಸಾಧಕನು ಗ್ರಾಮದ ಸಂಜ್ಞೆಯನ್ನೂ ಜನರ ಸಂಜ್ಞೆಯನ್ನೂ ಬಿಟ್ಟು ಅರಣ್ಯವೆಂಬ ಒಂದೇ ಸಂಜ್ಞೆಯಲ್ಲಿ ಮನಸ್ಸನ್ನು ನಿಲ್ಲಿಸುತ್ತಾನೆ. ಅದನ್ನೂ ಬಿಟ್ಟು ಪೃಥ್ವಿ, ಬಳಿಕ ಅನಂತ ಆಕಾಶ, ಅನಂತ ವಿಜ್ಞಾನ, ಆಕಿಂಚನ್ಯ, ಸಂಜ್ಞೆಯೂ ಅಲ್ಲದ ಅಸಂಜ್ಞೆಯೂ ಅಲ್ಲದ ಆಯತನ ಎಂಬ ಮೆಟ್ಟಿಲುಗಳಲ್ಲಿ ಸಾಗುತ್ತಾನೆ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಯಾವ ಕ್ಷೋಭೆ ಈಗ ಇಲ್ಲ, ಯಾವುದು ಇನ್ನೂ ಉಳಿದಿದೆ ಎಂಬ ಎರಡನ್ನೂ ಗುರುತಿಸುವುದು ಕಡ್ಡಾಯ.

ಈ ಕ್ರಮದ ಕೊನೆಯ ಭಾಗ ವಿಶೇಷವಾಗಿ ಗಮನಾರ್ಹ. ಸಾಧಕನು ನಿಮಿತ್ತರಹಿತವಾದ ಚಿತ್ತಸಮಾಧಿಯನ್ನು ತಲಪಿದಾಗಲೂ ಜೀವವಿರುವವರೆಗೆ ಈ ಕಾಯವನ್ನಾಶ್ರಯಿಸಿದ ಆರು ಇಂದ್ರಿಯಾಯತನಗಳು ಉಳಿದಿವೆ ಎಂದು ಅರಿಯುತ್ತಾನೆ. ಅಷ್ಟೇ ಅಲ್ಲ, ಆ ಸಮಾಧಿಯೂ ಸಂಸ್ಕೃತವಾದುದು, ಮನಸ್ಸಿನಿಂದ ರಚಿತವಾದುದು, ಆದ್ದರಿಂದ ಅನಿತ್ಯವಾದುದು ಎಂದು ಕಾಣುತ್ತಾನೆ. ಆಸವಗಳಿಂದ ಬಿಡುಗಡೆ ದೊರೆಯುವುದು ಈ ಕಾಣ್ಕೆಯಿಂದ. ಸಮಾಧಿ ಮಾತ್ರದಿಂದ ಅಲ್ಲ. ಧ್ಯಾನದ ಅತ್ಯುನ್ನತ ಅನುಭವವನ್ನೂ ಶೂನ್ಯತೆಯೊಡನೆ ಸಮೀಕರಿಸಲು ಸುತ್ತ ಅವಕಾಶ ಕೊಡುವುದಿಲ್ಲ.

ಈ ಸುತ್ತಕ್ಕೆ ಚೀನೀ ಮಧ್ಯಮಾಗಮದಲ್ಲಿ ಸಮಾನಾಂತರ ಪಾಠವಿದೆ. ಇಲ್ಲದುದನ್ನು ಇಲ್ಲವೆಂದೂ ಉಳಿದುದನ್ನು ಇದೆಯೆಂದೂ ಯಥಾರ್ಥವಾಗಿ ಅರಿಯಬೇಕೆಂಬ ಇದರ ಸೂತ್ರವನ್ನು ಯೋಗಾಚಾರ ಪ್ರಸ್ಥಾನದ ಬೋಧಿಸತ್ತ್ವಭೂಮಿಯೂ ಮಧ್ಯಾಂತವಿಭಾಗ ಭಾಷ್ಯವೂ ಸ್ವೀಕರಿಸಿವೆ. ಥೇರವಾದ ಮತ್ತು ಮಹಾಯಾನಗಳ ನಡುವೆ ಶೂನ್ಯತೆಯ ವಿಷಯದಲ್ಲಿ ಸಂಪೂರ್ಣ ವಿಚ್ಛೇದವಿದೆಯೆಂಬ ಅಭಿಪ್ರಾಯವನ್ನು ಇದು ಪ್ರಶ್ನಿಸುತ್ತದೆ.

೩

ಆತ್ಮವಿಲ್ಲದಿದ್ದರೆ ಧ್ಯಾನ ಮಾಡುವವನು ಯಾರು, ಕರ್ಮಫಲವನ್ನು ಅನುಭವಿಸುವವನು ಯಾರು ಎಂಬ ಆಕ್ಷೇಪ ಹೊರಗಿನವರಿಂದ ಮಾತ್ರ ಬಂದುದಲ್ಲ. ಬೌದ್ಧ ನಿಕಾಯಗಳಲ್ಲೇ ಒಂದಾದ ವಾತ್ಸೀಪುತ್ರೀಯರೂ ಅವರಿಂದ ಕವಲೊಡೆದ ಸಾಂಮಿತೀಯರೂ ‘ಪುದ್ಗಲ’ವನ್ನು ಒಪ್ಪಿದರು. ಸ್ಕಂಧಗಳಿಗಿಂತ ಅದು ಭಿನ್ನವೂ ಅಲ್ಲ, ಅಭಿನ್ನವೂ ಅಲ್ಲ ಎಂಬುದು ಅವರ ನಿಲುವು. ನೈತಿಕ ಹೊಣೆಗಾರಿಕೆಗೆ ಒಂದು ನೆಲೆ ಬೇಕೆಂಬ ಕಾಳಜಿ ಅದರ ಹಿಂದಿದೆ. ವಸುಬಂಧುವು ಅಭಿಧರ್ಮಕೋಶ ಭಾಷ್ಯದ ಒಂಬತ್ತನೆಯ ಪ್ರಕರಣದಲ್ಲಿ ಈ ವಾದವನ್ನು ದೀರ್ಘವಾಗಿ ಖಂಡಿಸಿದ್ದಾನೆ. ಬೀಜದಿಂದ ಮೊಳಕೆ, ಎಲೆ, ಹೂಗಳ ಸಂತತಿಯ ಮೂಲಕ ಹಣ್ಣು ಬರುವಂತೆ, ಕರ್ಮದಿಂದ ಚಿತ್ತಸಂತಾನದ ಮೂಲಕ ಫಲ ಉಂಟಾಗುತ್ತದೆ. ಹೊಣೆಗೆ ಕಾರಣಕಾರ್ಯಗಳ ನಿರಂತರತೆ ಸಾಕು, ಬದಲಾಗದ ಒಡೆಯ ಬೇಕಿಲ್ಲ ಎಂಬುದು ಅವನ ಸಮಾಧಾನ. ನಿತ್ಯವ್ಯವಹಾರದ ‘ನಾನು’ ಇಲ್ಲಿ ಅಳಿಯುವುದಿಲ್ಲ. ಅಚ್ಚು, ಗಾಲಿ, ನೊಗಗಳಿಗೆ ಸೇರಿ ‘ರಥ’ವೆಂಬ ಹೆಸರು ಸಲ್ಲುವಂತೆ ಸ್ಕಂಧಗಳ ಸಂತಾನಕ್ಕೆ ಆ ಹೆಸರು ಸಲ್ಲುತ್ತದೆ.

ಸುಮಾರು ಎರಡನೆಯ ಶತಮಾನದ ನಾಗಾರ್ಜುನನು ಈ ಪರೀಕ್ಷೆಯನ್ನು ಸ್ಕಂಧಾದಿ ಧರ್ಮಗಳಿಗೂ ಅನ್ವಯಿಸಿದನು. ಇಪ್ಪತ್ತೇಳು ಪ್ರಕರಣಗಳ ಮೂಲಮಧ್ಯಮಕ ಕಾರಿಕೆಯಲ್ಲಿ ಹದಿನೆಂಟನೆಯದು ಆತ್ಮವನ್ನೂ ಇಪ್ಪತ್ತನಾಲ್ಕನೆಯದು ಆರ್ಯಸತ್ಯಗಳನ್ನೂ ಕುರಿತದ್ದು. ಎಲ್ಲವೂ ಶೂನ್ಯವಾದರೆ ನಾಲ್ಕು ಆರ್ಯಸತ್ಯಗಳೂ ಇಲ್ಲವಾಗುತ್ತವಲ್ಲವೇ ಎಂಬ ಆಕ್ಷೇಪವನ್ನು ನಾಗಾರ್ಜುನನು ತಿರುಗಿಸಿಬಿಡುತ್ತಾನೆ. ವಸ್ತುಗಳಿಗೆ ಸ್ವಭಾವವಿದ್ದರೆ, ಅಂದರೆ ಕಾರಣನಿರಪೇಕ್ಷವಾದ ಸ್ವಂತ ಸತ್ತೆಯಿದ್ದರೆ, ದುಃಖ ಹುಟ್ಟುವುದಕ್ಕೂ ಆಸ್ಪದವಿಲ್ಲ, ನಿವಾರಣೆಯಾಗುವುದಕ್ಕೂ ಆಸ್ಪದವಿಲ್ಲ. ಪ್ರತೀತ್ಯಸಮುತ್ಪಾದವನ್ನೇ ಅವನು ಶೂನ್ಯತೆಯೆಂದು ಕರೆಯುತ್ತಾನೆ. ಶೂನ್ಯತೆಯನ್ನೇ ಒಂದು ‘ದೃಷ್ಟಿ’ಯಾಗಿ ಹಿಡಿದವರನ್ನು ಅವನು ಚಿಕಿತ್ಸೆಗೆ ಮೀರಿದವರೆಂದು ಭಾವಿಸುತ್ತಾನೆ, ತಪ್ಪಾಗಿ ಗ್ರಹಿಸಿದ ಶೂನ್ಯತೆಯನ್ನು ತಪ್ಪಾಗಿ ಹಿಡಿದ ಹಾವಿಗೆ ಹೋಲಿಸುತ್ತಾನೆ. ವಚ್ಛಗೋತ್ತನ ಮುಂದಿನ ಮೌನದಲ್ಲಿದ್ದ ಎಚ್ಚರವೇ ಇಲ್ಲಿ ತರ್ಕದ ರೂಪ ಪಡೆದಿದೆ.

೪

ಹೀಗೆ ಪರೀಕ್ಷೆಯಿಂದ ತಿಳಿದ ಶೂನ್ಯತೆಗೂ ನಿರ್ವಿಕಲ್ಪ ಧ್ಯಾನಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಎಂಟನೆಯ ಶತಮಾನದ ಕೊನೆಯಲ್ಲಿ ಟಿಬೆಟಿನಲ್ಲಿ ತೀವ್ರವಾಯಿತು. ಶಾಂತರಕ್ಷಿತನ ಶಿಷ್ಯ ಕಮಲಶೀಲನಿಗೂ ಚೀನಾದ ಧ್ಯಾನಾಚಾರ್ಯ ಮೊಹೆಯಾನನಿಗೂ ದೊರೆ ತ್ರಿಸೊಂಗ್ ದೆತ್ಸೆನ್‌ನ ಸಮ್ಮುಖದಲ್ಲಿ ಸಮ್ಯೆ ವಿಹಾರದಲ್ಲಿ ವಾದ ನಡೆಯಿತೆಂದೂ ಕಮಲಶೀಲನು ಗೆದ್ದನೆಂದೂ ಟಿಬೆಟನ್ ಇತಿಹಾಸಗಳು ಹೇಳುತ್ತವೆ. ಪಾಲ್ ದೆಮಿಯೆವಿಲ್ ೧೯೫೨ರಲ್ಲಿ ಪ್ರಕಟಿಸಿದ ದುನ್‌ಹುವಾಂಗ್‌ನ ಚೀನೀ ದಾಖಲೆ ಚೀನೀ ಪಕ್ಷಕ್ಕೇ ಮನ್ನಣೆ ದೊರೆಯಿತೆಂದು ಹೇಳುತ್ತದೆ. ನಡೆದದ್ದು ಒಂದೇ ಸಭೆಯೋ ದೀರ್ಘಕಾಲದ ವಿವಾದವೋ ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ವಿವಾದದ ವಿಷಯ ಸ್ಪಷ್ಟವಾಗಿದೆ.

ಬಿಳಿಯ ಮೋಡವೂ ಕರಿಯ ಮೋಡವೂ ಆಗಸವನ್ನು ಸಮಾನವಾಗಿ ಮುಚ್ಚುವಂತೆ ಒಳ್ಳೆಯ ಆಲೋಚನೆಯೂ ಕೆಟ್ಟ ಆಲೋಚನೆಯೂ ಬಂಧನವೇ. ಏನನ್ನೂ ಆಲೋಚಿಸದಿರುವುದೇ ಮಾರ್ಗ ಎಂಬುದು ಟಿಬೆಟನ್ ಆಕರಗಳು ಚೀನೀ ಆಚಾರ್ಯನಿಗೆ ಆರೋಪಿಸುವ ಮತ. ಮೂರು ಭಾವನಾಕ್ರಮಗಳನ್ನು ರಚಿಸಿದ ಕಮಲಶೀಲನು ಮೂರನೆಯದರಲ್ಲಿ ಇಂಥ ಮತವನ್ನು ಎದುರಿಸುತ್ತಾನೆ. ಆಲೋಚಿಸುವುದಿಲ್ಲವೆಂಬ ಸಂಕಲ್ಪವೂ ಆಲೋಚನೆಯೇ. ಸ್ಮೃತಿ ಮನಸಿಕಾರಗಳ ಅಭಾವವೇ ಪ್ರಜ್ಞೆಯಾದರೆ ಮೂರ್ಛೆ ಹೋದವನೂ ಪ್ರಾಜ್ಞನಾಗಬೇಕು. ಭೂತಪ್ರತ್ಯವೇಕ್ಷೆ, ಅಂದರೆ ವಸ್ತುಸ್ಥಿತಿಯ ವಿಮರ್ಶೆ, ಇಲ್ಲದೆ ಅನಾದಿ ಕಾಲದ ಆಸಕ್ತಿ ಸಡಿಲವಾಗದು. ಕಡ್ಡಿಗಳ ತಿಕ್ಕಾಟದಿಂದ ಹುಟ್ಟಿದ ಬೆಂಕಿ ಆ ಕಡ್ಡಿಗಳನ್ನೇ ಸುಡುವಂತೆ, ವಿಮರ್ಶೆಯಿಂದ ಹುಟ್ಟಿದ ಪ್ರಜ್ಞೆ ವಿಮರ್ಶೆಯನ್ನೂ ಶಮನಗೊಳಿಸುತ್ತದೆ. ನಿರ್ವಿಕಲ್ಪತೆ ಫಲವಾಗಿ ಬರುತ್ತದೆ. ಅದನ್ನು ಆರಂಭದಲ್ಲೇ ಬಲವಂತವಾಗಿ ತಂದುಕೊಳ್ಳುವುದು ಧ್ಯಾನವಲ್ಲ. ಶಮಥ ಮತ್ತು ವಿಪಶ್ಯನೆಗಳ ಜೋಡಣೆಯನ್ನು ಅವನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಮೊದಲನೆಯ ಮತ್ತು ಮೂರನೆಯ ಭಾವನಾಕ್ರಮಗಳ ಸಂಸ್ಕೃತ ಪಾಠಗಳನ್ನು ಜುಸೆಪ್ಪೆ ತುಚ್ಚಿ ೧೯೫೮ ಮತ್ತು ೧೯೭೧ರಲ್ಲಿ ಪ್ರಕಟಿಸಿದ್ದರಿಂದ ಈ ಚರ್ಚೆಯ ಮೂಲ ಪರಿಭಾಷೆ ಇಂದು ನೇರವಾಗಿ ಲಭ್ಯವಿದೆ.

೫

ಈ ಪರಂಪರೆ ಕರ್ನಾಟಕದ ನೆಲದಲ್ಲಿ ಇಂದೂ ಜೀವಂತವಾಗಿದೆ. ಬೈಲಕುಪ್ಪೆಯಲ್ಲಿ ಪುನಃಸ್ಥಾಪಿತವಾದ ಸೆರಾ ಹಾಗೂ ಮುಂಡಗೋಡಿನಲ್ಲಿ ಪುನಃಸ್ಥಾಪಿತವಾದ ದ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳಲ್ಲಿ ಚಂದ್ರಕೀರ್ತಿಯ ಮಧ್ಯಮಕಾವತಾರವೂ ವಸುಬಂಧುವಿನ ಅಭಿಧರ್ಮಕೋಶವೂ ಪಠ್ಯಗಳು. ಅಂಗಳದಲ್ಲಿ ಕೈತಟ್ಟಿ ನಡೆಸುವ ವಾದ ಅಲ್ಲಿನ ಶಿಕ್ಷಣದ ಮುಖ್ಯ ಅಂಗ. ಶೂನ್ಯತೆಯ ಧ್ಯಾನಕ್ಕೆ ವಿಮರ್ಶೆ ಪೂರ್ವಾಂಗವೆಂಬ ಕಮಲಶೀಲನ ನಿಲುವನ್ನೇ ಈ ಶಿಕ್ಷಣಕ್ರಮ ಮುಂದುವರಿಸಿದೆ.

ಕನ್ನಡ ಸಂಶೋಧನೆಯ ದೃಷ್ಟಿಯಿಂದಲೂ ಈ ವಿವೇಚನೆಗೆ ಪ್ರಯೋಜನವಿದೆ. ಶೂನ್ಯಸಂಪಾದನೆಗಳ ‘ಶೂನ್ಯ’ಕ್ಕೂ ಮಾಧ್ಯಮಿಕರ ‘ಶೂನ್ಯತೆ’ಗೂ ಸಂಬಂಧ ಕಲ್ಪಿಸುವಾಗ ಪದಸಾಮ್ಯವೊಂದೇ ಸಾಲದು. ವಚನಕಾರರಲ್ಲಿ ಶೂನ್ಯ, ಬಯಲುಗಳು ಲಿಂಗಾಂಗ ಸಾಮರಸ್ಯದ ಹಿನ್ನೆಲೆಯಲ್ಲಿ ಪರತತ್ತ್ವದ ಸೂಚಕಗಳಾಗಿ ಬರುತ್ತವೆ. ಬೌದ್ಧರಲ್ಲಿ ಶೂನ್ಯತೆ ಯಾವುದೇ ಪರತತ್ತ್ವದ ಹೆಸರಾಗದಂತೆ ನಾಗಾರ್ಜುನನು ತಡೆಯೊಡ್ಡಿದ್ದಾನೆ. ಹೋಲಿಕೆಗೆ ಮುನ್ನ ಪ್ರತಿಯೊಂದು ಪರಂಪರೆಗೂ ಚೂಳಸುಞ್ಞತ ಸುತ್ತದ ಪ್ರಶ್ನೆಯನ್ನೇ ಹಾಕುವುದು ಯುಕ್ತ: ಇಲ್ಲಿ ಯಾವುದು ಯಾವುದರಿಂದ ಶೂನ್ಯ, ಮತ್ತು ಶೂನ್ಯವಾದ ಮೇಲೆ ಉಳಿಯುವುದೇನು? ಈ ಎರಡು ಪ್ರಶ್ನೆಗಳಿಗೆ ಪಠ್ಯಾಧಾರದಿಂದ ಉತ್ತರ ದೊರೆತಾಗ ಮಾತ್ರ ಸಾಮ್ಯವೈಷಮ್ಯಗಳ ನಿರ್ಣಯಕ್ಕೆ ಭದ್ರವಾದ ತಳಹದಿ ಸಿಕ್ಕೀತು.