ಮೂರನೇ ಗ್ಲಾಸು ಹೇಳಿದ ತೋಟದ ತಪ್ಪು

ಕಳೆದ ಭಾನುವಾರ ವಿಜಯಪುರದ ನಾಲ್ಕು ಜನ ದ್ರಾಕ್ಷಿ ಬೆಳೆಗಾರರು ನಮ್ಮ ತೋಟದ ಮನೆಯಲ್ಲಿ ಸೇರಿದ್ದೆವು. ಐದು ಬಾಟಲಿ ಕ್ಯಾಬರ್ನೆ ವೈನ್. ಮಗ ಎಲ್ಲಕ್ಕೂ ಕಾಗದ ಸುತ್ತಿ ನಂಬರ್ ಹಾಕಿದ್ದ. ಅದರಲ್ಲೊಂದು ನನ್ನದೇ ಹಣ್ಣಿನದು, ಕಂಪನಿಯವರು ಮಾದರಿಗೆಂದು ಕೊಟ್ಟದ್ದು.

ಪುಸ್ತಕದಲ್ಲಿ ಬರೆದಿರುವ ಬ್ಲ್ಯಾಕ್‌ಕರೆಂಟ್ ಹಣ್ಣನ್ನು ನಾವ್ಯಾರೂ ಕಂಡವರಲ್ಲ. ನೇರಳೆಹಣ್ಣು, ಲವಂಗ, ಒಣದ್ರಾಕ್ಷಿ, ನಾಲಿಗೆ ಹಿಡಿಯುವ ಒಗರು ಅಂತಲೇ ಬರೆದುಕೊಂಡೆವು. ನನಗೇನೋ ಅದೇ ಸರಿ ಅನಿಸಿತು.

ಮೂರನೇ ಗ್ಲಾಸು ಮೂಸಿದ ಪಕ್ಕದ ತೋಟದ ಕಾಕಾ, "ಇದೇನೋ ತಮ್ಮಾ, ಡೊಣ್ಣ ಮೆಣಸಿನಕಾಯಿ ಹೆಚ್ಚಿದಂಗ ಐತಲ್ಲ!" ಅಂದರು. ಕಾಗದ ಬಿಚ್ಚಿದರೆ ನನ್ನದೇ ಬಾಟಲಿ.

ಈ ವಾಸನೆಗೆ ಕಾರಣ ಪೈರಜೀನ್ ಎಂಬ ಅಂಶ. ಕ್ಯಾಬರ್ನೆ ಕಾಯಿಯಲ್ಲಿ ಅದು ಸಹಜ. ಗೊಂಚಲಿಗೆ ಬಿಸಿಲು ಬಿದ್ದು ಹಣ್ಣು ಬಲಿತಂತೆ ಇಳಿಯುತ್ತದೆ. ಆಳು ಸಿಗಲಿಲ್ಲವೆಂದು ನಾನು ಎಲೆ ತೆಗೆಸಿರಲಿಲ್ಲ. ಮೇಲಾಗಿ ಮೋಡ ಕಂಡು ಹೆದರಿ 20 ಬ್ರಿಕ್ಸ್‌ಗೇ ಕೊಯ್ದಿದ್ದೆ. ದರ ಇಳಿಸಿದರೆಂದು ಕಂಪನಿಯವರ ಜೊತೆ ಜಗಳ ಬೇರೆ ಆಡಿದ್ದೆ!

ಸಾಲು ಉತ್ತರ-ದಕ್ಷಿಣ ಇದ್ದರೆ, ಕಾಯಿ ಕಟ್ಟಿದ ಮೇಲೆ ಗೊಂಚಲ ಸುತ್ತಲಿನ ಎಲೆಗಳನ್ನು ಪೂರ್ವದ ಬದಿಯಲ್ಲಿ ಮಾತ್ರ ತೆಗೆಯಿರಿ. ಪಶ್ಚಿಮದ ಎಲೆ ಮುಟ್ಟಬೇಡಿ, ಮಧ್ಯಾಹ್ನದ ಬಿಸಿಲಿಗೆ ಹಣ್ಣು ಸುಡುತ್ತದೆ. ಬ್ರಿಕ್ಸ್ 23 ದಾಟಲಿ. ಮೀಟರ್ ಒಂದನ್ನೇ ನಂಬದೆ ಬೀಜ ಕಡಿದು ನೋಡಿ. ಹಸಿರಿದ್ದರೆ ಇನ್ನೂ ಕಾಯಬೇಕು, ಕಂದಾಗಿ ಗರಿಗರಿ ಅಂದರೆ ಕೊಯ್ಲಿಗೆ ಬಂದಂತೆ.

ಈ ಸಲ ಹೋಲಿಸಿ ನೋಡಲು ಎರಡು ಸಾಲಿನ ಎಲೆ ಹಾಗೇ ಬಿಡುತ್ತೇನೆ. ಮೂಸಲು ಕಾಕಾ ಬರುತ್ತೇನೆಂದಿದ್ದಾರೆ.