ಚಳಿಗಾಲದ ವಿದ್ಯುತ್ ಉಳಿತಾಯ: ಘೋಷಣೆಯಿಂದ ಲೆಕ್ಕದ ಕಡೆಗೆ

ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಅದರ ಬೆನ್ನಿಗೇ ಧನುರ್ಮಾಸದ ಮುಂಜಾವಿನ ಸ್ನಾನ, ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ ಬರುತ್ತವೆ. ಮನೆಯಲ್ಲಿ ರಜೆಯ ಮಕ್ಕಳು, ನೆಂಟರು ಇರುವ ಕಾಲ ಇದು. ಅಭ್ಯಾಸ ಬೋಧನೆಯ ಅವಧಿ ಈ ದಿನಗಳಲ್ಲಿ ಬಂದರೆ, ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದಿಲ್ಲ.

ಆದರೆ ನಾನು ವೀಕ್ಷಿಸಿದ ಪಾಠಗಳಲ್ಲಿ ಹೆಚ್ಚಿನವು ‘ಅನಾವಶ್ಯಕ ದೀಪಗಳನ್ನು ಆರಿಸಿ, ವಿದ್ಯುತ್ ಉಳಿಸಿ’ ಎಂಬ ವಾಕ್ಯದಲ್ಲಿ ಮುಗಿಯುತ್ತವೆ. ಮಕ್ಕಳು ಒಪ್ಪಿ ತಲೆಯಾಡಿಸುತ್ತಾರೆ. ‘ನಿಮ್ಮ ಮನೆಯಲ್ಲಿ ಅತಿ ಹೆಚ್ಚು ವಿದ್ಯುತ್ ಬಳಸುವುದು ಯಾವುದು?’ ಎಂದು ಕೇಳಿದರೆ ಟಿವಿ, ಟ್ಯೂಬ್‌ಲೈಟ್, ಹಬ್ಬದ ಸೀರಿಯಲ್ ಸೆಟ್ ಎನ್ನುತ್ತಾರೆ. ಕಣ್ಣಿಗೆ ಹೊಳೆಯುವುದೇ ಹೆಚ್ಚು ವಿದ್ಯುತ್ ತಿನ್ನುತ್ತದೆ ಎಂಬುದು ಮಕ್ಕಳ ಸಹಜ ಪೂರ್ವಕಲ್ಪನೆ. ಬಚ್ಚಲುಮನೆಯಲ್ಲಿ ಸದ್ದಿಲ್ಲದೆ ಕಾಯುವ ನೀರು ಅವರ ಪಟ್ಟಿಗೆ ಬರುವುದೇ ಇಲ್ಲ. ಪಾಠ ಇಲ್ಲಿಂದ ಆರಂಭವಾಗಬೇಕು.

ಒಂದು ಬಕೆಟ್ ನೀರಿನ ಲೆಕ್ಕ

ಒಂದು ಕಿಲೋಗ್ರಾಂ ನೀರಿನ ತಾಪವನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೌಲ್ ಶಾಖ ಬೇಕು. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ, ಅಂದರೆ 3,600 ಕಿಲೋಜೌಲ್. ಈ ಎರಡು ಸಂಖ್ಯೆಗಳು ಕಪ್ಪುಹಲಗೆಯ ಮೇಲಿದ್ದರೆ ಸಾಕು, ಉಳಿದುದನ್ನು ಮಕ್ಕಳೇ ಮಾಡುತ್ತಾರೆ.

ಚಳಿಗಾಲದ ಬೆಳಿಗ್ಗೆ ನಲ್ಲಿನೀರು 20 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿಯ 15 ಲೀಟರ್ ಬೇಕು ಎಂದುಕೊಳ್ಳೋಣ. 15 × 4.2 × 20 = 1,260 ಕಿಲೋಜೌಲ್. ಅದನ್ನು 3,600ರಿಂದ ಭಾಗಿಸಿದರೆ 0.35 ಯೂನಿಟ್. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 1.4 ಯೂನಿಟ್, 30 ದಿನಕ್ಕೆ 42 ಯೂನಿಟ್. ಬೇಸಿಗೆಯಲ್ಲಿ ತೊಟ್ಟಿಯ ನೀರು 28 ಡಿಗ್ರಿ ಇದ್ದರೆ ಇದೇ ಸ್ನಾನಕ್ಕೆ ಸುಮಾರು 25 ಯೂನಿಟ್ ಸಾಕು.

ಈಗ ಸೀರಿಯಲ್ ಸೆಟ್‌ಗೆ ಬರೋಣ. 5 ವ್ಯಾಟ್‌ನ ಎಲ್ಇಡಿ ಸರ ದಿನಕ್ಕೆ 6 ಗಂಟೆಯಂತೆ 10 ದಿನ ಉರಿದರೆ 0.3 ಯೂನಿಟ್. ಒಬ್ಬರ ಒಂದು ಸ್ನಾನಕ್ಕಿಂತ ಕಡಿಮೆ! ಆದರೆ ನಕ್ಷತ್ರದೊಳಗೆ 60 ವ್ಯಾಟ್‌ನ ಹಳೆಯ ತಂತಿಬಲ್ಬ್ ಹಾಕಿ, ರಾತ್ರಿಯಿಡೀ 12 ಗಂಟೆಯಂತೆ 15 ದಿನ ಉರಿಸಿದರೆ 10.8 ಯೂನಿಟ್ ಆಗುತ್ತದೆ. ಅದೇ ಜಾಗದಲ್ಲಿ 9 ವ್ಯಾಟ್ ಎಲ್ಇಡಿ ಇದ್ದರೆ ಸುಮಾರು 1.6 ಯೂನಿಟ್. ಹಬ್ಬದ ಬೆಳಕು ಬೇಡ ಎನ್ನಬೇಕಾಗಿಲ್ಲ, ಬಲ್ಬ್ ಬದಲಿಸಿದರೆ ಸಾಕು ಎಂಬ ತೀರ್ಮಾನಕ್ಕೆ ತರಗತಿಯೇ ಬರುತ್ತದೆ.

ಸಾಮರ್ಥ್ಯ ಬೇರೆ, ಶಕ್ತಿ ಬೇರೆ

‘ಗೀಸರ್ 2,000 ವ್ಯಾಟ್, ಹೀಟರ್ ಕಾಯಿಲ್ 1,500 ವ್ಯಾಟ್. ಆದ್ದರಿಂದ ಕಾಯಿಲ್‌ನಲ್ಲಿ ಉಳಿತಾಯ’ ಎಂದು ಮಕ್ಕಳಷ್ಟೇ ಅಲ್ಲ, ಪ್ರಶಿಕ್ಷಣಾರ್ಥಿಗಳೂ ಹೇಳುವುದುಂಟು. ಮೇಲಿನ 1,260 ಕಿಲೋಜೌಲ್ ಕೊಡಲು ಗೀಸರ್‌ಗೆ 10.5 ನಿಮಿಷ, ಕಾಯಿಲ್‌ಗೆ 14 ನಿಮಿಷ ಬೇಕು. ನೀರು ಪಡೆಯುವ ಶಕ್ತಿ ಎರಡರಲ್ಲೂ ಒಂದೇ. ವ್ಯಾಟ್ ಹೇಳುವುದು ವೇಗವನ್ನು, ಬಿಲ್ಲಿಗೆ ಬರುವುದು ವೇಗ ಮತ್ತು ಕಾಲದ ಗುಣಲಬ್ಧ. ಕಾಯಿಲ್ ಹಾಕಿ ಮರೆತು 30 ನಿಮಿಷ ಬಿಟ್ಟರೆ 0.75 ಯೂನಿಟ್ ಆಗಿ ಉಳಿತಾಯ ತಲೆಕೆಳಗಾಗುತ್ತದೆ.

ಗೀಸರ್ ಮೇಲಿನ ನಕ್ಷತ್ರಗಳ ಅರ್ಥವನ್ನೂ ಇಲ್ಲೇ ಬಿಡಿಸಬಹುದು. ನೀರು ಸಂಗ್ರಹಿಸುವ ಗೀಸರ್‌ಗಳಿಗೆ ಇಂಧನ ದಕ್ಷತಾ ಬ್ಯೂರೋ ನಕ್ಷತ್ರ ಕೊಡುವುದು, ಕಾದ ನೀರು ಸುಮ್ಮನೆ ನಿಂತಾಗ ಹೊರಗೆ ಸೋರುವ ಶಾಖವನ್ನು ಅಳೆದು. ದಿನವಿಡೀ ಸ್ವಿಚ್ ಹಾಕಿಡುವ ಮನೆಗೆ ಹೆಚ್ಚು ನಕ್ಷತ್ರಗಳಿಂದ ಲಾಭವಿದೆ. ಸ್ನಾನಕ್ಕೆ 20 ನಿಮಿಷ ಮೊದಲು ಹಾಕಿ, ಆಮೇಲೆ ಆರಿಸುವವರಿಗೆ ಆ ಅಭ್ಯಾಸವೇ ದೊಡ್ಡ ಉಳಿತಾಯ.

ಅದಕ್ಕಿಂತ ದೊಡ್ಡದು ನೀರಿನ ಪ್ರಮಾಣ. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರ್ ಕೆಳಗೆ 5 ನಿಮಿಷ ನಿಂತರೆ 40 ಲೀಟರ್. ಅದಕ್ಕೆ 0.93 ಯೂನಿಟ್ ಬೇಕು. ನಾಲ್ವರಿಗೆ ತಿಂಗಳಿಗೆ ಸುಮಾರು 112 ಯೂನಿಟ್. ಬಕೆಟ್ ಮತ್ತು ಚೊಂಬಿನ ಸ್ನಾನಕ್ಕೆ 42.

ಮನೆಗೆ ಇದರಿಂದ ಏನು?

ಗೃಹಜ್ಯೋತಿ ಯೋಜನೆಯಲ್ಲಿ 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ಲು ಬರತೊಡಗಿದಾಗ, 2022-23ರ ಸರಾಸರಿ ಮಾಸಿಕ ಬಳಕೆಗೆ ಶೇ. 10 ಸೇರಿಸಿ ಪ್ರತಿ ಮನೆಯ ಉಚಿತ ಪ್ರಮಾಣ ನಿಗದಿಯಾಯಿತು. ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. 190 ಯೂನಿಟ್ ಬಳಸುವ ಮನೆಯಲ್ಲಿ ನೆಂಟರಿದ್ದ ತಿಂಗಳು 12 ಯೂನಿಟ್ ಹೆಚ್ಚಾದರೆ, ಬಿಲ್ಲು ಬರುವುದು 12 ಯೂನಿಟ್‌ಗಲ್ಲ, 202 ಯೂನಿಟ್‌ಗೆ. ಕೂಲಿಯ ಮೇಲೆ ನಡೆಯುವ ಮನೆಗೆ ಇದು ಸಣ್ಣ ಮಾತಲ್ಲ. ಈ ಲೆಕ್ಕ ತಿಳಿದ ಮಗು ಮನೆಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಹಾಗೆಂದು ಚಳಿಗಾಲದಲ್ಲಿ ಬಿಲ್ಲು ಏರಲೇಬೇಕು ಎಂದೂ ಇಲ್ಲ. 75 ವ್ಯಾಟ್‌ನ ಒಂದು ಫ್ಯಾನ್ ದಿನಕ್ಕೆ 8 ಗಂಟೆ ನಿಂತರೆ ತಿಂಗಳಿಗೆ 18 ಯೂನಿಟ್ ಉಳಿಯುತ್ತದೆ. ಬಕೆಟ್ ಸ್ನಾನದ ಹೆಚ್ಚಳ ಅಲ್ಲಿಗೆ ಸರಿಹೋಗುತ್ತದೆ. ‘ನಿಮ್ಮ ಮನೆಯಲ್ಲಿ ಯಾವುದು ಗೆಲ್ಲುತ್ತದೆ?’ ಎಂಬ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ, ಮೀಟರಿನಲ್ಲಿ ಇದೆ.

ಚಟುವಟಿಕೆ ಮತ್ತು ಎಚ್ಚರ

ರಜೆಯಲ್ಲಿ ಒಂದು ವಾರ ಬೆಳಿಗ್ಗೆ 7ಕ್ಕೂ ಸಂಜೆ 7ಕ್ಕೂ ಮೀಟರ್ ಓದಿ ಬರೆದಿಡಲು ಹೇಳಿ. ಊರಿಗೆ ಹೋಗುವವರು ಹೊರಡುವ ದಿನ ಮತ್ತು ಮರಳಿದ ದಿನ ಬರೆದರೂ ಸಾಕು. ಬೀಗ ಹಾಕಿದ ಮನೆಯಲ್ಲೂ ಮೀಟರ್ ಓಡಿದ್ದರೆ ಕಾರಣ ಹುಡುಕಲಿ: ಫ್ರಿಜ್, ಆರಿಸದ ಸೆಟ್‌ಟಾಪ್ ಬಾಕ್ಸ್, ಮರೆತ ಗೀಸರ್. ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ಎಳೆಯುತ್ತಿದ್ದರೂ 10 ದಿನಕ್ಕೆ 2.4 ಯೂನಿಟ್, ಆ ಎಲ್ಇಡಿ ಸರದ ಎಂಟರಷ್ಟು!

ಮೂರು ವಿಷಯಗಳಲ್ಲಿ ಪ್ರಶಿಕ್ಷಣಾರ್ಥಿಗಳು ಜಾಗರೂಕರಾಗಿರಬೇಕು. ಮೊದಲನೆಯದು, ಬಿಲ್ಲುಗಳನ್ನು ತರಗತಿಯಲ್ಲಿ ಹೋಲಿಸಬಾರದು. ಬಿಲ್ಲು ಮನೆಯ ಸ್ಥಿತಿಯನ್ನು ಹೇಳಿಬಿಡುತ್ತದೆ. ಪ್ರತಿ ಮಗು ತನ್ನ ಮನೆಯ ಒಂದು ದಿನವನ್ನು ಅದೇ ಮನೆಯ ಇನ್ನೊಂದು ದಿನದೊಂದಿಗೆ ಹೋಲಿಸಲಿ. ಎರಡನೆಯದು, ಎಲ್ಲರ ಮನೆಯಲ್ಲೂ ಗೀಸರ್ ಇರುವುದಿಲ್ಲ. ಅಡಕೆ ಸಿಪ್ಪೆಯನ್ನೋ ತೆಂಗಿನ ಗರಿಯನ್ನೋ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವ ಮನೆಯ ಮಗುವಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆ ನೀರಿಗೂ ಬೇಕಾದದ್ದು ಅದೇ 1,260 ಕಿಲೋಜೌಲ್. ಒಲೆಯಿಂದ ಎಷ್ಟು ಶಾಖ ಹೊಗೆಯೊಡನೆ ಹೊರಟುಹೋಗುತ್ತದೆ ಎಂದು ಚರ್ಚೆಯನ್ನು ಅತ್ತ ಒಯ್ಯಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಸುರಕ್ಷತೆ. ಕಾಯಿಲ್ ಚಾಲನೆಯಲ್ಲಿರುವಾಗ ನೀರಿಗೆ ಕೈಯಾಗಲಿ ತಾಪಮಾಪಕವಾಗಲಿ ಹಾಕಬಾರದು. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ಮುಟ್ಟಬೇಕು. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ಹೋಗಬಹುದು. ಪಾಠಯೋಜನೆಯಲ್ಲಿ ಈ ಸೂಚನೆಗಳು ಚಟುವಟಿಕೆಗಿಂತ ಮೊದಲು ಬರಬೇಕು.

ಮೌಲ್ಯಮಾಪನಕ್ಕೆ ‘ವಿದ್ಯುತ್ ಉಳಿಸುವ ಐದು ವಿಧಾನಗಳನ್ನು ಬರೆಯಿರಿ’ ಎಂದು ಕೇಳುವ ಬದಲು ಹೀಗೆ ಕೇಳಿ ನೋಡಿ: ‘ನಿಮ್ಮ ಮನೆಯಲ್ಲಿ ತಿಂಗಳಿಗೆ 10 ಯೂನಿಟ್ ಉಳಿಸಬೇಕು. ಯಾವ ಒಂದು ಬದಲಾವಣೆ ಸಾಕು? ಲೆಕ್ಕ ತೋರಿಸಿ.’ ಬೇರೆ ಬೇರೆ ಮನೆಯ ಮಕ್ಕಳಿಂದ ಬೇರೆ ಬೇರೆ ಉತ್ತರ ಬರುತ್ತದೆ, ಲೆಕ್ಕ ಸರಿಯಿದ್ದರೆ ಅವೆಲ್ಲವೂ ಸರಿ.