ಇಬ್ಬರು ಸೂರ್ಯರ ನಡುವೆ

ಯಾದಗಿರಿ, ಶಹಾಪುರ, ಸುರಪುರಗಳ ಬೇಸಗೆಯಲ್ಲಿ ಒಬ್ಬ ಸೂರ್ಯನೇ ಸಾಕುಸಾಕೆನಿಸುವನು, ಇಬ್ಬರಿದ್ದರೆ ಗತಿಯೇನು? ಅದೇ ಬೇಸಗೆಯ ನಡುರಾತ್ರಿ ಸುರಪುರದ ಗುಡ್ಡವೇರಿದವರಿಗೆ ಉರಗಧರ ಪುಂಜದ 70ನೆಯ ನಕ್ಷತ್ರವು ಮಸುಕಾಗಿ ಕಾಣುವುದು. ಅದು ಒಂದನ್ನೊಂದು ಸುಮಾರು 88 ವರ್ಷಗಳಲ್ಲಿ ಸುತ್ತುವ ಜೋಡಿ. ಅಲ್ಲಿ ಗ್ರಹವಿರುವ ಸಂಭವವು ಹೆಚ್ಚೆಂದು 1855ರಲ್ಲಿ ಮದರಾಸು ವೀಕ್ಷಣಾಲಯದ ಜೇಕಬರು ಸಾರಿದರು. 1896ರಲ್ಲಿ ಅಮೆರಿಕದ ಸೀ ಎಂಬವರು ಕಾಣದ ಆ ಸಂಗಾತಿಗೆ ಪಥವನ್ನೂ ಗೊತ್ತುಮಾಡಿದರು. ಅಂಥ ಪಥವು ನಿಲ್ಲಲಾರದೆಂದು 1899ರಲ್ಲಿ ಮೌಲ್ಟನರು ಲೆಕ್ಕಹಾಕಿ ತೋರಿಸಿಕೊಟ್ಟರು. ಗ್ರಹವು ಒಬ್ಬ ಸೂರ್ಯನ ಮಗ್ಗುಲಲ್ಲೇ ಇರಬೇಕು, ಇಲ್ಲವೆ ಇಬ್ಬರನ್ನೂ ದೂರದಿಂದ ಸುತ್ತಬೇಕು. ನಡುವೆ ಸಿಕ್ಕಿದರೆ ಎಳೆದಾಟದಲ್ಲಿ ಹೊರಬೀಳುವುದು.

ಆದರೂ ಜೇಕಬರನ್ನು ನಾವು ಹಳಿಯಲಾರೆವು. ಅವರು ತಪ್ಪಿದ್ದು ನಕ್ಷತ್ರದಲ್ಲಿ, ಊಹೆಯಲ್ಲಲ್ಲ: 41 ದಿನಗಳಿಗೊಮ್ಮೆ ಪರಸ್ಪರ ಸುತ್ತುವ ಇಬ್ಬರು ಸೂರ್ಯರನ್ನು 229 ದಿನಗಳಲ್ಲಿ ಬಳಸಿಬರುವ ಕೆಪ್ಲರ್-16ರ ಗ್ರಹವು 2011ರಲ್ಲಿ ಪ್ರಕಟವಾಯಿತು.